ಅಂಗಡಿ ಟೈಮು

ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಅವರ ಬೀಳ್ಕೊಡುಗೆಯಲ್ಲಿ ಮಾತಾಡಿದವರೆಲ್ಲ ಒಂದೇ ಮಾತನ್ನು ತಿರುವಿ ತಿರುವಿ ಹೇಳಿದರು: ಇವರ ಮುಂದೆ ಸುಳ್ಳು ನಿಲ್ಲುತ್ತಿರಲಿಲ್ಲ. ಫೋನೋ, ಕಂಪ್ಯೂಟರೋ, ಕ್ಯಾಮೆರಾದ ಪೆಟ್ಟಿಗೆಯೋ, ಇವರ ಕೈಗೆ ಬಿದ್ದರೆ ಸಾಕು, ನಿಜ ಕಕ್ಕುತ್ತಿತ್ತು. ಹಾಸನದ ಆ ಸಭಾಂಗಣದ ಹಿಂದಿನ ಸಾಲಿನಲ್ಲಿ ಕೇಸರಿಬಾತಿನ ತಟ್ಟೆ ಹಿಡಿದು ಕೂತಿದ್ದ ನನಗೆ ಎದ್ದು ನಿಂತು ಒಂದು ತಿದ್ದುಪಡಿ ಮಂಡಿಸಬೇಕೆನ್ನಿಸಿತು. ಕಾಲೇಜಿನ ಚರ್ಚಾಸ್ಪರ್ಧೆಗಳು ಅಂಟಿಸಿದ ಚಟ ಅದು. ಎಲ್ಲರೂ ಒಪ್ಪಿದ್ದನ್ನು ಕೇಳಿದರೆ ಮೈ ಕಡಿಯುತ್ತದೆ. ಅವರು ಸುಳ್ಳು ಹೇಳಿದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ. ಒಂದನ್ನು ಇವತ್ತಿಗೂ ಸಮರ್ಥಿಸುತ್ತೇನೆ. ಇನ್ನೊಂದು, ಹೊಳೆನರಸೀಪುರದ ಒಬ್ಬ ಲಗೇಜ್ ಆಟೋ ಚಾಲಕನನ್ನು ಕೊಲೆಗಾರನೆಂದು ಜೈಲಿನಲ್ಲೇ ಮುಗಿಸಿಬಿಡುವುದರಲ್ಲಿತ್ತು.

ಅಂದು ಎದ್ದು ನಿಲ್ಲಲಿಲ್ಲ. ಮಾಲೆ ಹಾಕುವ ಹೊತ್ತಿನಲ್ಲಿ ಹೇಳುವ ಮಾತಾಗಿರಲಿಲ್ಲ ಅದು. ಆದರೆ ಹೇಳದೆ ಬಿಡುವಂಥದ್ದೂ ಅಲ್ಲ.

ನಾನು ಅವರನ್ನು ಮೊದಲು ಕಂಡದ್ದು ತೀರ್ಪುಗಾರರಾಗಿ. ಅಂತರ ಕಾಲೇಜು ಸ್ಪರ್ಧೆ, ವಿಷಯ ‘ಮನುಷ್ಯರ ಸಾಕ್ಷಿಗಿಂತ ಯಂತ್ರದ ಸಾಕ್ಷಿ ಮೇಲು’. ನನ್ನದು ವಿರೋಧ ಪಕ್ಷ. ಮೂವರು ತೀರ್ಪುಗಾರರಲ್ಲಿ ಒಬ್ಬರು ಖಾಕಿಯಲ್ಲಿದ್ದರು. ಗಿಡ್ಡ ಆಳು, ಇಸ್ತ್ರಿ ಮುರಿಯದ ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ನಾನು ಮೇಜು ಗುದ್ದಿ ಮಾತಾಡುವಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿದರೆ ಅವರೊಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತಿದ್ದರು. ಮೊದಲ ಬಹುಮಾನ ನನಗೇ ಬಂತು, ಆದರೆ ಉಳಿದಿಬ್ಬರ ಅಂಕಗಳ ಬಲದಿಂದ. ಅವರು ಕೊಟ್ಟದ್ದು ಎಲ್ಲರಿಗಿಂತ ಕಡಿಮೆ. ಬಿಡುವವಳಲ್ಲ ನಾನು; ಮೆಟ್ಟಿಲ ಬಳಿ ಹಿಡಿದು ಕೇಳಿದೆ.

“ಚೆನ್ನಾಗ್ ಮಾತಾಡ್ದೆ ಕಣಮ್ಮ. ಕ್ಯಾಮೆರಾ ಸುಳ್ಳು ಹೇಳ್ತದೆ ಅಂದೆ. ಯಾವ್ ಕ್ಯಾಮೆರಾ? ಎಲ್ಲಿ? ಒಂದಾರ ನೋಡಿದ್ದೀಯಾ?”

“ತತ್ತ್ವವಾಗಿ ಹೇಳಿದ್ದು ಸರ್.”

“ತತ್ತ್ವಕ್ಕೆ ನಾನ್ ಮಾರ್ಕ್ಸ್ ಕೊಡಾಕಿಲ್ಲ” ಎಂದು ಇಳಿದು ಹೋದರು.

ಆ ಸಿಟ್ಟಿನಲ್ಲೇ ಕಾನೂನು ಓದುವಾಗ ಒಂದು ತಿಂಗಳ ತರಬೇತಿಗೆ, ಜಪ್ತಿಯಾದ ಫೋನು ಕಂಪ್ಯೂಟರು ಪರೀಕ್ಷಿಸುವ ಅವರ ಕೋಣೆಯನ್ನೇ ಕೇಳಿ ಹಾಕಿಸಿಕೊಂಡೆ. ಬಾಗಿಲಲ್ಲಿ ನನ್ನನ್ನು ಕಂಡವರೇ ಒಳಗಿದ್ದ ಕಾನ್ಸ್‌ಟೇಬಲ್‌ಗೆ ಕೂಗಿದರು: “ಲೋ, ಕುರ್ಚಿ ಆಕ್ಲಾ. ವಿರೋಧ ಪಕ್ಷ ಬಂತು.” ಆಮೇಲೆ ನನಗೆ ಅದೇ ಹೆಸರು ನಿಂತುಹೋಯಿತು.

ಅವರು ಹೊಳೆನರಸೀಪುರದ ಕಡೆಯ ಬೇಸಾಯದ ಮನೆಯಿಂದ ಬಂದು ಕಾನ್ಸ್‌ಟೇಬಲ್ ಆಗಿ ಸೇರಿದವರು. ಮೊದಲು ವೈರ್‌ಲೆಸ್ ಕೋಣೆಯಲ್ಲಿದ್ದರಂತೆ. ಕಚೇರಿಗೆ ಕಂಪ್ಯೂಟರು ಬಂದಾಗ ಕೆಟ್ಟರೆ ಯಾರ ತಲೆಗೆ ಎಂದು ಉಳಿದವರು ಮುಟ್ಟದೆ ದೂರ ನಿಂತರು, ಇವರು ಬಿಚ್ಚಿ ನೋಡಿದರು. ಅಲ್ಲಿಂದ ತರಬೇತಿ, ಪರೀಕ್ಷೆ, ಬಡ್ತಿ. ನಾಲ್ಕು ತಾಲ್ಲೂಕಿನಲ್ಲಿ ಎಲ್ಲೇ ಫೋನು ಜಪ್ತಿಯಾದರೂ ‘ಅವ್ರನ್ನ ಕರೀರಿ’ ಅನ್ನುವಷ್ಟರ ಮಟ್ಟಿಗೆ ಬೆಳೆದರು. ಅದರ ಜಂಭ ಅವರಿಗೆ ಬೇಕಾದಷ್ಟಿತ್ತು. ಇನ್ನೊಬ್ಬರ ವರದಿ ಓದುವಾಗ ತುಟಿ ಒಂದು ಬದಿಗೆ ಎಳೆದುಕೊಳ್ಳುತ್ತಿತ್ತು. ಇಂಥ ಮನುಷ್ಯ ಪ್ರತಿ ಬೆಳಿಗ್ಗೆ ಪರಿಚಯದವರಿಗೆಲ್ಲ ದಾಸವಾಳದ ಚಿತ್ರದ ಮೇಲೆ ‘ಶುಭೋದಯ’ ಎಂದು ಬರೆದದ್ದನ್ನು ಕಳಿಸುತ್ತಿದ್ದರು. ಅವರೇ ಹಿಡಿದುಹಾಕಿದ್ದ ಒಬ್ಬ ಮೋಸಗಾರನಿಗೂ ಹೋಗುತ್ತಿತ್ತಂತೆ.

ಅವರ ಧರ್ಮ ಒಂದೇ: ಮುಟ್ಟಬಾರದು. ಸಿಕ್ಕಾಗ ಫೋನು ಆನ್ ಇದ್ದರೆ ಆನ್ ಇರಲಿ, ಆಫ್ ಇದ್ದರೆ ಆಫ್ ಇರಲಿ. ಅರಕಲಗೂಡಿನಿಂದ ಒಬ್ಬ ಕಾನ್ಸ್‌ಟೇಬಲ್ ಜಪ್ತಿ ಮಾಡಿದ ಫೋನು ತಂದ ದಿನ ನಾನು ಅಲ್ಲೇ ಇದ್ದೆ. ಸಿಕ್ಕಾಗ ಆಫ್ ಆಗಿದ್ದ ಫೋನನ್ನು ಆತ ಠಾಣೆಯಲ್ಲಿ ಚಾರ್ಜಿಗೆ ಹಾಕಿದ್ದ. ಜೀವ ಬಂದದ್ದೇ ತಡ, ಆರೋಪಿಯ ಕಡೆಯವರು ಬೇರೆಲ್ಲೋ ಕೂತು ಅದರೊಳಗಿದ್ದದ್ದನ್ನೆಲ್ಲ ಅಳಿಸಿಹಾಕಿದ್ದರು.

“ಯಾಕ್ಲಾ ಹಾಕ್ದೆ?”

“ಚಾರ್ಜ್ ಇರ್ನಿಲ್ಲ ಸಾ. ಪಾಪ ಅಂತ ಆಕ್ದೆ.”

“ಪಾಪ! ಕೈದಿಗೆ ಊಟ ಆಕು, ಬ್ಯಾಡ ಅಂದೋರ್ಯಾರು? ಫೋನಿಗ್ ಯಾಕ್ಲಾ ಉಣ್ಣಕ್ಕಿಕ್ದೆ?”

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಆ ಫೋನಿನ ಜೊತೆ ಒಂದು ಕೇಸೇ ಹೋಯಿತು. ಅಂದಿನಿಂದ ಅವರು ಹೊರಗೆ ಹೋಗುವಾಗ ಅಲ್ಯೂಮಿನಿಯಂ ಹಾಳೆಯ ಸುರುಳಿ, ಒಂದು ಸ್ಟೀಲ್ ಡಬ್ಬಿ ಜೀಪಿನಲ್ಲಿರುವುದು ಕಡ್ಡಾಯವಾಯಿತು. ಸಿಕ್ಕ ಫೋನನ್ನು ಹಾಳೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಹೊರಗಿನ ಸಿಗ್ನಲ್ ತಲುಪದು. ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನ ಜಾಗದಲ್ಲಿ ಒಬ್ಬ ದಲ್ಲಾಳಿಯ ಫೋನನ್ನು ಹಾಗೆ ಡಬ್ಬಿಗಿಳಿಸಿದಾಗ ಸುತ್ತ ನಿಂತವರು, ಸಾಹೇಬರು ಅಡಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದಾರೆಂದು ಆಡಿಕೊಂಡರಂತೆ.

ತಮ್ಮ ಫೋನಿನ ಬಗ್ಗೆಯೂ ಅಷ್ಟೇ ಬಿಗಿ. ಜಪ್ತಿಗೆ ಒಳಗೆ ಹೋಗುವ ಮುನ್ನ ಅದನ್ನು ಜೀಪಿನಲ್ಲೇ ಇಟ್ಟು ಹೋಗುತ್ತಿದ್ದರು. ಯಾಕೆಂದು ಕೇಳಿದೆ.

“ನನ್ ಫೋನು ಅದ್ರ ಪಕ್ಕ ಇದ್ರೆ, ನಿನ್ನಂಥೋಳು ನಾಳೆ ಕೋರ್ಟಲ್ಲಿ ‘ನಿಮ್ ಫೋನಿಂದ ಅದಕ್ಕೇನಾರ ತುಂಬಿದ್ರಾ’ ಅಂತ ಕೇಳ್ತಾಳೆ. ಆ ಪ್ರಶ್ನೆನೇ ಹುಟ್ಟಬಾರ್ದು.”

ಕೈಗಡಿಯಾರ ಅವರು ಕಟ್ಟುತ್ತಲೇ ಇರಲಿಲ್ಲ. ಕಟ್ಟಿದರೆ ಮಣಿಕಟ್ಟಿನಲ್ಲಿ ಗಂಧೆ ಏಳುತ್ತಿತ್ತು.

ಫೋನಿನೊಳಗಿದ್ದದ್ದರ ಪ್ರತಿ ತೆಗೆದ ಮೇಲೆ ಅದು ಮೂಲದಂತೆಯೇ ಇದೆಯೆಂದು ತೋರಿಸಲು ಅಂಕಿ ಅಕ್ಷರಗಳ ಒಂದು ಉದ್ದ ಸಾಲು ಬರುತ್ತದೆ, ಹ್ಯಾಶ್ ಅನ್ನುತ್ತಾರೆ. ಒಂದು ಚುಕ್ಕೆ ಬದಲಾದರೂ ಸಾಲೇ ಬದಲಾಗುತ್ತದೆ. ಅದನ್ನವರು ಅರ್ಚನೆಯ ಧಾಟಿಯಲ್ಲಿ ಗಟ್ಟಿಯಾಗಿ ಓದುವರು. ಎದುರಿಗೆ ಕೂತವನು ಒಂದೊಂದಕ್ಕೂ ‘ಹೂಂ’ ಅನ್ನಬೇಕು. ಮುಗಿದ ಮೇಲೆ ಕಣ್ಣು ಮುಚ್ಚಿ, “ಇನ್ನು ಬ್ರಹ್ಮ ಬಂದ್ರೂ ಅಲ್ಲಾಡ್ಸಕ್ಕಾಗಲ್ಲ” ಅನ್ನುವರು.

“ಪ್ರತಿ ಸರಿಯಿದೆ ಅಂತ ಆಯ್ತು ಸರ್. ಮೂಲವೇ ಸುಳ್ಳಾಗಿದ್ದರೆ?” ಎಂದು ನಾನೊಮ್ಮೆ ಕೇಳಿದೆ.

“ಬಂತಪ್ಪ ತತ್ತ್ವ” ಎಂದರು ಕಾನ್ಸ್‌ಟೇಬಲ್ ಕಡೆ ತಿರುಗಿ.

ಅವರ ಮೊದಲ ಸುಳ್ಳನ್ನು ಕೇಳಿದ್ದು ಆ ತಿಂಗಳಲ್ಲೇ. ಅರಕಲಗೂಡು ಕಡೆಯ ಒಬ್ಬ ಗೌಡರ ಮಗಳ ಫೋಟೋಗಳನ್ನಿಟ್ಟುಕೊಂಡು ಒಬ್ಬ ಹುಡುಗ ಹೆದರಿಸುತ್ತಿದ್ದ. ಅವನ ಫೋನು ಇವರ ಮೇಜಿಗೆ ಬಂತು. ಕೆಲಸ ಶುರು ಮಾಡುವ ಮುಂಚೆ ಪರದೆಯನ್ನು ಗೋಡೆಯ ಕಡೆ ತಿರುಗಿಸಿ, ನನ್ನನ್ನೂ ಕಾನ್ಸ್‌ಟೇಬಲ್‌ನನ್ನೂ ಹೊರಗೆ ಕಳಿಸಿದರು. ಹೊರಗೆ ಬೆಂಚಿನಲ್ಲಿ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅವಳಪ್ಪ ನಿಂತೇ ಇದ್ದರು. ಬಾಗಿಲು ತೆರೆದದ್ದೇ ಒಳಕ್ಕೆ ನುಗ್ಗಿದರು.

“ನಾನ್ ನೋಡ್ಬೇಕು.”

“ಏನ್ ನೋಡ್ತೀರಾ ಗೌಡ್ರೇ?”

“ಏನೈತೋ ಅದ. ನನ್ ಮಗಳು, ನನಗ್ ಗೊತ್ತಾಗ್ಬೇಕು. ಆಮೇಲ್ ಏನ್ ಮಾಡ್ಬೇಕೋ ಮಾಡ್ತೀನಿ.”

ಆ ಕಡೆಯ ಮಾತಿಗೆ ಬೆಂಚಿನ ಮೇಲಿದ್ದ ಹುಡುಗಿ ಮುದುಡಿಕೊಂಡಳು. ಇವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

“ಕುಂತ್ಕಳಿ. ಏನೂ ಇಲ್ಲ ಅದ್ರಾಗೆ. ಯಾರ್ದೋ ಫೋಟೋಗೆ ನಿಮ್ ಹುಡುಗಿ ತಲೆ ಅಂಟಿಸವ್ನೆ ಬಡ್ಡೀಮಗ. ನಿಮ್ ಹುಡುಗಿ ಅಲ್ಲ ಅದು. ಕರ್ಕೊಂಡೋಗಿ, ದಾರೀಲಿ ಏನಾರ ತಿನ್ಸಿ.”

ಗೌಡರು ಅವರ ಮುಖವನ್ನೇ ನೋಡುತ್ತ ನಿಂತರು. ಇವರ ಕಣ್ಣು ಕದಲಲಿಲ್ಲ. ಕೊನೆಗೆ ಗೌಡರು ಟವೆಲಿನಿಂದ ಮುಖ ಒರೆಸಿಕೊಂಡು ಮಗಳನ್ನು ಕರೆದುಕೊಂಡು ಹೋದರು. ಆ ಫೋನಿನಲ್ಲಿ ಏನಿತ್ತೆಂದು ವರದಿ ಟೈಪು ಮಾಡಿದ ನನಗೆ ಗೊತ್ತಾಯಿತು. ಹುಡುಗನಿಗೆ ಶಿಕ್ಷೆಯಾಗುವಷ್ಟು ಇತ್ತು.

“ಸುಳ್ಳು ಹೇಳಿದಿರಿ ಸರ್.”

“ಕೋರ್ಟಿಗೆ ಹೇಳಿಲ್ವಲ್ಲ. ಅಲ್ಲಿಗೆ ಇದ್ದದ್ದು ಇದ್ದಂಗೆ ಹೋಗ್ತದೆ.”

ಇದನ್ನು ನಾನು ಎಷ್ಟೋ ದಿನ ಮನಸ್ಸಿನಲ್ಲೇ ವಾದಿಸಿ ನೋಡಿದೆ. ತಂದೆಯ ಹಕ್ಕು, ಸತ್ಯದ ಹಕ್ಕು, ಎಲ್ಲವನ್ನೂ ಆ ಬೆಂಚಿನ ಎದುರು ನಿಲ್ಲಿಸಿದಾಗ ಸೋತವು. ಆದರೆ ಒಂದು ವಿಷಯ ಮಾತ್ರ ತಲೆಯಲ್ಲಿ ಉಳಿಯಿತು. ಈ ಮನುಷ್ಯ ಕಣ್ಣು ಕದಲಿಸದೆ ಸುಳ್ಳು ಹೇಳಬಲ್ಲ.

ಸನ್ನದು ಪಡೆದು ಹಾಸನದ ಒಬ್ಬ ಹಿರಿಯ ವಕೀಲರ ಬಳಿ ಸೇರಿದ ಮೇಲೆ ಆ ಆಟೋ ಚಾಲಕನ ಕೇಸು ನಮಗೆ ಬಂತು. ಚನ್ನರಾಯಪಟ್ಟಣದ ಒಂದು ಓಣಿಯಲ್ಲಿ, ಡೈರಿಗೆ ಹಾಲು ಹಾಕಿ ಮನೆಗೆ ಹೋಗುತ್ತಿದ್ದ ಹೆಂಗಸಿನ ಸರ ಕಿತ್ತು ಯಾರೋ ತಳ್ಳಿದ್ದರು. ಚರಂಡಿ ಕಲ್ಲಿಗೆ ತಲೆ ಬಡಿದು ಆಕೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅದು ನಡೆದದ್ದು ಸಂಜೆ ಆರೂವರೆಗೆ. ನೆರೆಯವರು ಆಂಬುಲೆನ್ಸಿಗೆ ಮಾಡಿದ ಕರೆಯಿಂದ ಅದರಲ್ಲಿ ಯಾರಿಗೂ ತಕರಾರಿಲ್ಲ. ಆಂಬುಲೆನ್ಸು ಬಂದದ್ದು ಓಣಿಯ ಆಚೆ ತುದಿಯಿಂದ. ಈಚೆ ತುದಿಯಲ್ಲಿ ಒಂದು ಹೊಸ ಪಾತ್ರೆ ಅಂಗಡಿ. ಅದರ ಕ್ಯಾಮೆರಾದಲ್ಲಿ ಆರೂವರೆಗೆ ಒಂದು ಲಗೇಜ್ ಆಟೋ ಬಂದು ನಿಲ್ಲುತ್ತದೆ, ಚಾಲಕ ಓಣಿಯೊಳಕ್ಕೆ ಹೋಗುತ್ತಾನೆ, ಸ್ವಲ್ಪ ಹೊತ್ತಿಗೆ ಅವಸರದಲ್ಲಿ ಬಂದು ಹೊರಡುತ್ತಾನೆ.

“ಹೋಗಿದ್ದು ನಾನೇ ಮೇಡಂ” ಅಂದ ಅವನು ಜೈಲಿನಲ್ಲಿ. “ಒಂದ್ ಮನೆಗೆ ತೆಂಗಿನಕಾಯಿ ಮೂಟೆ ಇಳ್ಸಿ ಬಂದೆ. ಆದ್ರೆ ಆಗಿನ್ನೂ ಆರ್ ಗಂಟೆ. ಆರೂವರೆಗೆ ನಾನು ಹೊಳೆನರಸೀಪುರದ ರೋಡಲ್ಲಿದ್ದೆ. ದೇವ್ರಾಣೆ.”

ಕಾಯಿ ಇಳಿಸಿಕೊಂಡ ಮನೆಯವರು ‘ಸಂಜೆ ಬಂದಿದ್ದ’ ಅಂದರೇ ಹೊರತು ಗಂಟೆ ಹೇಳಲಾರದಾದರು. ಅವನ ಫೋನು ಆ ಸಂಜೆ ಚಾರ್ಜಿಲ್ಲದೆ ಸತ್ತಿತ್ತು, ಅವನೆಲ್ಲಿದ್ದನೆಂದು ಅದರಿಂದಲೂ ತಿಳಿಯುವಂತಿರಲಿಲ್ಲ. ಕ್ಯಾಮೆರಾದ ದೃಶ್ಯಗಳು ದಾಖಲಾಗುವ ಪೆಟ್ಟಿಗೆಯನ್ನು ಜಪ್ತಿ ಮಾಡಿದ್ದು, ಪರೀಕ್ಷಿಸಿದ್ದು, ವರದಿ ಕೊಟ್ಟದ್ದು ಅವರೇ. ಮಹಜರಿನಲ್ಲಿ ಒಂದು ಸಾಲಿತ್ತು: ‘ಪೆಟ್ಟಿಗೆಯಲ್ಲಿ ತೋರುವ ಸಮಯವನ್ನು ನೈಜ ಸಮಯದೊಂದಿಗೆ ತಾಳೆ ನೋಡಲಾಗಿ, ಎರಡೂ ಒಂದೇ ಆಗಿರುತ್ತದೆ.’ ಆ ಸಾಲಿನ ಮೇಲೆ ಜಾಮೀನು ತಿರಸ್ಕಾರವಾಯಿತು, ಮತ್ತೊಮ್ಮೆ ತಿರಸ್ಕಾರವಾಯಿತು. ವರದಿ ಅವರದು ಎಂದ ಮೇಲೆ ನಮ್ಮ ಸೀನಿಯರ್ರೇ ಕೈ ಚೆಲ್ಲಿದ್ದರು. ನಿಜ ಹೇಳಬೇಕೆಂದರೆ, ನನಗೂ ಚಾಲಕನ ಮೇಲೆ ನಂಬಿಕೆಯಿರಲಿಲ್ಲ. ಜಾಗ ನೋಡಿ ಬರೋಣವೆಂದು ಅವನ ಹೆಂಡತಿಯ ಜೊತೆ ಚನ್ನರಾಯಪಟ್ಟಣಕ್ಕೆ ಹೋದೆ.

ಪಾತ್ರೆ ಅಂಗಡಿಯಲ್ಲಿ ಒಂದು ಲೋಟ ಕೊಳ್ಳುವ ನೆಪದಲ್ಲಿ ನಿಂತು ಕ್ಯಾಮೆರಾ ಕಾಣುವ ಕೋನ ನೋಡುತ್ತಿದ್ದೆ. ಗೋಡೆ ಗಡಿಯಾರದ ಕಡೆ ಕಣ್ಣು ಹೋಯಿತು.

“ಅಯ್ಯೋ, ಬಸ್ಸು ಹೋಗಿಬಿಡ್ತಲ್ಲ!”

ಬಿಲ್ಲು ಬರೆಯುತ್ತಿದ್ದ ಹುಡುಗಿ ನಕ್ಕಳು. “ಎಲ್ಲೂ ಓಗಿಲ್ಲ ಅಕ್ಕ, ಕುಂತ್ಕಳಿ. ಅದು ಅಂಗಡಿ ಟೈಮು.”

“ಅಂಗಡಿ ಟೈಮು ಅಂದ್ರೆ?”

“ಅರ್ಧ ಗಂಟೆ ಮುಂದೈತೆ.” ಸುತ್ತ ನೋಡಿ ದನಿ ತಗ್ಗಿಸಿದಳು. “ಓಪನಿಂಗ್ ದಿನ ಟೇಪ್ ಕಟ್ ಮಾಡಾಕೆ ಬಂದ ದೊಡ್ಡ ಮನುಷ್ಯರು ಬೇಗ್ ಬಂದ್ಬುಟ್ರು. ರಾಹುಕಾಲ ಇನ್ನೂ ಮುಗ್ದಿರ್ನಿಲ್ಲ. ಅವ್ರಿಗೆ ಇನ್ನೊಂದ್ ಕಡೆ ಓಗ್ಬೇಕಂತೆ, ನಿಲ್ಲಾಕಿಲ್ಲ ಅಂದ್ರು. ಯಜಮಾನ್ರು ರಾಹುಕಾಲದಲ್ಲಿ ಬಾಗಿಲು ತೆಗಿಯಾಕಿಲ್ಲ ಅಂದ್ರು. ಕೊನೆಗೆ ಯಜಮಾನ್ರ ಭಾವಮೈದ ಸ್ಟೂಲ್ ಹತ್ತಿ ಗಡಿಯಾರನ ಅರ್ಧ ಗಂಟೆ ಮುಂದಕ್ಕೆ ತಿರುಗ್ಸಿಬುಟ್ರು. ‘ನೋಡಿ, ಮುಗೀತು ರಾಹುಕಾಲ’ ಅಂದ್ರು. ಎಲ್ರೂ ಚಪ್ಪಾಳೆ ಒಡುದ್ರು.”

“ಆಮೇಲೆ ಸರಿ ಮಾಡ್ಲಿಲ್ವಾ?”

“ಹಿಂದಕ್ಕೆ ತಿರುಗ್ಸಿದ್ರೆ ರಾಹುಕಾಲದಲ್ಲೇ ಓಪನ್ ಮಾಡ್ದಂಗೆ ಆಗಲ್ವಾ ಅಕ್ಕ? ಯಜಮಾನ್ರು ಮುಟ್ಟಾಕೇ ಬಿಡಲ್ಲ.”

“ಕ್ಯಾಮೆರಾ ಯಾವಾಗ ಹಾಕಿದ್ದು?”

“ಅವತ್ತೇ, ಟೇಪ್ ಕಟ್ ಆದ್ಮೇಲೆ. ಏಣಿ ಮೇಲಿದ್ದೋನು ಟೈಮ್ ಎಷ್ಟು ಅಂತ ಕೇಳಿ, ಗೋಡೆ ನೋಡಿ ಆಕ್ಕೊಂಡ.”

ಲೋಟವನ್ನು ಕೆಳಗಿಟ್ಟೆ. ಅವರ ಫೋನು ಜೀಪಿನಲ್ಲಿ, ಕೈಯಲ್ಲಿ ಗಡಿಯಾರವಿಲ್ಲ. ಅವರು ಈ ಅಂಗಡಿಗೆ ಬಂದ ದಿನ ‘ನೈಜ ಸಮಯ’ವನ್ನು ಎಲ್ಲಿ ನೋಡಿರಬಹುದು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ತಪ್ಪು ಗಡಿಯಾರವನ್ನು ಅದರಿಂದಲೇ ಹುಟ್ಟಿದ ಇನ್ನೊಂದು ತಪ್ಪು ಗಡಿಯಾರದೊಂದಿಗೆ ತಾಳೆ ನೋಡಿ, ಎರಡೂ ಒಂದೇ ಎಂದು ಬರೆದಿದ್ದರು.

ಗೋಡೆಯ ಫೋಟೋ ತೆಗೆದೆ. ಆದರೆ ಇವತ್ತಿನ ಗೋಡೆಯ ಫೋಟೋ, ಅಂದಿನ ಪೆಟ್ಟಿಗೆಗೆ ಸಾಕ್ಷಿಯಾಗದು. ಮುಂದಿನ ವಾರ ಸೀನಿಯರ್ ಜೊತೆ ಹೋದಾಗ ಗಡಿಯಾರ ಊರಿನ ಸಮಯ ತೋರಿಸುತ್ತಿತ್ತು. ಹುಡುಗಿ ತಲೆ ಎತ್ತಲಿಲ್ಲ. “ನಮ್ದು ಯಾವತ್ತೂ ಸರಿಯಾಗೇ ಇರದು” ಅಂದರು ಯಜಮಾನರು. ಗಡಿಯಾರದ ಮಾತು ಕೋರ್ಟಿಗೆ ಹೋಗುತ್ತದೆಂದು ಕಿವಿಗೆ ಬಿದ್ದ ಮೇಲೆ ರಾಹುವಿನ ಭಯ ಸಣ್ಣದಾಗಿತ್ತು.

ಉಳಿದದ್ದು ಆ ಪೆಟ್ಟಿಗೆ ಒಂದೇ. ಸೀಲು ಹಾಕಿಕೊಂಡು ಕೋರ್ಟಿನ ಜಪ್ತಿ ಮಾಲಿನ ಕೋಣೆಯಲ್ಲಿ ಕೂತಿತ್ತು. ಕರೆಂಟಿಲ್ಲದಾಗ ಅದರ ಗಡಿಯಾರವನ್ನು ಓಡಿಸುವುದು ಒಳಗಿರುವ ಗುಂಡಿಯಷ್ಟಗಲದ ಒಂದು ಸೆಲ್ಲು. “ಅದಿನ್ನೂ ಬದುಕಿದ್ರೆ ಅರ್ಧ ಗಂಟೆ ಮುಂದಿರೋದು ಈಗ್ಲೂ ಕಾಣ್ತದೆ. ಸತ್ತಿದ್ರೆ ಯಾವ್ದೋ ಹಳೇ ತಾರೀಕು ತೋರಿಸ್ತದೆ, ಅಲ್ಲಿಗೆ ಮುಗೀತು” ಅಂದ ಹಾಸನದ ಕಂಪ್ಯೂಟರ್ ರಿಪೇರಿಯವನು. “ಆದ್ರೆ ಸುಮ್ನೆ ಆನ್ ಮಾಡೀರ, ಹುಷಾರು. ಹಳೇದ್ರ ಮೇಲೆ ಹೊಸಾದು ಬರ್ಕೊಂಡ್ಬುಡ್ತದೆ.” ಅಂದರೆ ಚಾಲಕನ ಜೀವ ಒಂದು ಸೆಲ್ಲಿನ ಮೇಲೆ ನಿಂತಿತ್ತು, ಆ ಸೆಲ್ಲು ನೋಡಬೇಕೆಂದರೆ ಅವರು ಆಯುಷ್ಯವಿಡೀ ಬೇಡವೆಂದ ಕೆಲಸ ಮಾಡಬೇಕಿತ್ತು: ಮೂಲವನ್ನು ಆನ್ ಮಾಡುವುದು.

“ಅವರಿಗೆ ಮೊದಲೇ ಹೇಳೋಣವೇ?” ಎಂದೆ.

“ತಲೆ ಕೆಟ್ಟಿದ್ಯಾ?” ಅಂದರು ಸೀನಿಯರ್. “ಪಾಟೀ ಸವಾಲು ನೀನೇ ಮಾಡು. ಅಲ್ಲೀತನಕ ಬಾಯಿ ಮುಚ್ಕೊಂಡಿರು.”

ಪಾಟೀ ಸವಾಲಿನ ಹಿಂದಿನ ದಿನ ಅವರು ಕೋರ್ಟಿನೆದುರಿನ ಟೀ ಅಂಗಡಿಯಲ್ಲಿ ಸಿಕ್ಕರು. “ನಾಳೆ ನೀನಂತೆ? ಬಾ ಬಾ, ಚೆನ್ನಾಗ್ ಓದ್ಕೊಂಡ್ ಬಾ” ಎಂದು ನನ್ನ ಟೀಗೂ ಅವರೇ ದುಡ್ಡು ಕೊಟ್ಟರು. ಆ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಕಟಕಟೆಯಲ್ಲಿ ಅವರು ಕೈ ಹಿಂದಕ್ಕೆ ಕಟ್ಟಿ ನಿಂತರು. ಆರೋಪಿಯ ಜಾಗದಲ್ಲಿ ಚಾಲಕ, ಬಾಗಿಲ ಬಳಿ ಅವನ ಹೆಂಡತಿ. ಸಣ್ಣ ಪ್ರಶ್ನೆಗಳ ನಂತರ ಕೇಳಿದೆ.

“ಅಂಗಡಿಯೊಳಗೆ ಹೋದಾಗ ನಿಮ್ಮ ಫೋನು ಎಲ್ಲಿತ್ತು?”

“ಜೀಪಿನಲ್ಲಿ.”

“ಕೈಗಡಿಯಾರ?”

“ಕಟ್ಟುವುದಿಲ್ಲ.”

“ಹಾಗಾದರೆ ನೈಜ ಸಮಯ ಎಂದು ಬರೆದಿದ್ದೀರಲ್ಲ, ಅದನ್ನು ಎಲ್ಲಿ ನೋಡಿದಿರಿ?”

ಬಾಯಿ ತೆರೆದರು. ಅವರ ಕಣ್ಣು ನನ್ನನ್ನು ಬಿಟ್ಟು ಎಲ್ಲೋ ಹೋಗಿ, ಪಾತ್ರೆಗಳ ನಡುವೆ ಒಂದು ಗೋಡೆಯನ್ನು ಹುಡುಕುತ್ತಿರುವುದು ನನಗೆ ಕಾಣುತ್ತಿತ್ತು.

“ಗೋಡೆ ಗಡಿಯಾರದಲ್ಲಿ.”

“ಅದು ಸರಿಯಿತ್ತೆಂದು ನಿಮಗೆ ಹೇಗೆ ಗೊತ್ತು?”

“ಗೊತ್ತಿಲ್ಲ.”

“ಅದೂ, ಪೆಟ್ಟಿಗೆಯೂ ಅರ್ಧ ಗಂಟೆ ಮುಂದಿದ್ದವು ಎನ್ನುತ್ತೇನೆ.”

“ಇರಬಹುದು. ಇಲ್ಲದೆಯೂ ಇರಬಹುದು.”

ಪೆಟ್ಟಿಗೆಯನ್ನು ಇಲ್ಲೇ ಆನ್ ಮಾಡಿ ನೋಡಲು ಅನುಮತಿ ಕೇಳಿದೆ. ಸರ್ಕಾರಿ ವಕೀಲರು ಎದ್ದೇಬಿಟ್ಟರು: ಸೀಲು ಒಡೆದು ಆನ್ ಮಾಡಿದರೆ ಮೂಲ ಸಾಕ್ಷ್ಯ ಕೆಡುತ್ತದೆ, ಇದನ್ನು ಈ ಸಾಕ್ಷಿಯೇ ಎಷ್ಟೋ ಕೇಸುಗಳಲ್ಲಿ ಪ್ರಮಾಣ ಮಾಡಿ ಹೇಳಿದ್ದಾರೆ. ನ್ಯಾಯಾಧೀಶರು ಅವರತ್ತ ತಿರುಗಿದರು.

“ಏನ್ರೀ, ಕೆಡುತ್ತದೆಯೇ?”

ಒಂದು ‘ಹೌದು’ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ನಿವೃತ್ತಿ ಎದುರಿಗಿತ್ತು, ಹೆಸರು ಉಳಿಯುತ್ತಿತ್ತು. ನನ್ನ ಬಳಿ ಮರುವಾದಕ್ಕೆ ಏನೂ ಇರಲಿಲ್ಲ. ರಿಪೇರಿಯವನು ಹೇಳಿದ್ದೂ ಅದನ್ನೇ. ಗೌಡರೆದುರು ಕದಲದ ಆ ಕಣ್ಣುಗಳನ್ನು ನೋಡುತ್ತ ನಿಂತೆ. ಬಾಗಿಲ ಬಳಿ ಚಾಲಕನ ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಇಟ್ಟುಕೊಂಡಿದ್ದಳು.

“ಹಾಗೇ ಆನ್ ಮಾಡಿದರೆ ಕೆಡುತ್ತದೆ ಸ್ವಾಮಿ” ಎಂದರು.

ಸರ್ಕಾರಿ ವಕೀಲರು ಕೂತರು.

“ಆದರೆ ದೃಶ್ಯಗಳಿರೋದು ಒಳಗಿನ ಡಿಸ್ಕಿನಲ್ಲಿ. ಗಡಿಯಾರ ಇರೋದು ಬೋರ್ಡಿನಲ್ಲಿ. ಡಿಸ್ಕು ಬಿಚ್ಚಿಟ್ಟು ಆನ್ ಮಾಡಿದರೆ ಏನೂ ಕೆಡಲ್ಲ. ಅಪ್ಪಣೆಯಾದರೆ ನಾನೇ ಬಿಚ್ಚುತ್ತೇನೆ.”

ನನಗೆ ಈ ದಾರಿ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಅವರೊಬ್ಬರನ್ನು ಬಿಟ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಸೀಲು ಒಡೆದರು. ಸ್ಕ್ರೂ ತಿರುಗಿಸುವಾಗ ಒಂದು ಅವರ ಬೆರಳಿನಿಂದ ಜಾರಿ ಮೇಜಿನಡಿಗೆ ಉರುಳಿತು. ಅವರ ಕೈ ತಪ್ಪಿದ್ದನ್ನು ನಾನು ಮೊದಲು ಕಂಡದ್ದು ಅಂದೇ. ಡಿಸ್ಕು ಹೊರಬಂತು. ಪರದೆ ಜೋಡಿಸಿ ಸ್ವಿಚ್ ಒತ್ತಿದರು. ಕಪ್ಪು. ಕಂಪನಿಯ ಗುರುತು. ಮತ್ತೆ ಕಪ್ಪು. ಸೆಲ್ಲು ಸತ್ತಿದೆ ಎಂದೇ ನಾನು ಅಂದುಕೊಂಡೆ.

ಆಮೇಲೆ ಮೂಲೆಯಲ್ಲಿ ಇವತ್ತಿನ ತಾರೀಕು ಮೂಡಿತು.

ನ್ಯಾಯಾಧೀಶರು ಗೋಡೆಯ ಮೇಲಿನ ಗಡಿಯಾರದತ್ತ ತಲೆ ಎತ್ತಿದರು.

“ಅದು ಬೇಡ ಸ್ವಾಮಿ” ಎಂದರು ಅವರು. “ನಿಮ್ಮ ಕಂಪ್ಯೂಟರಲ್ಲಿ ನೋಡಿ. ಅದು ಇಂಟರ್‌ನೆಟ್ಟಿನಿಂದ ಸಮಯ ತಗೊಳ್ತದೆ.”

ಪೆಟ್ಟಿಗೆ ಅರ್ಧ ಗಂಟೆ ಮುಂದಿತ್ತು.

ಚಾಲಕ ಕಟಕಟೆಯ ಕಂಬಿ ಹಿಡಿದುಕೊಂಡ. ನ್ಯಾಯಾಧೀಶರು ಮಹಜರನ್ನು ಮತ್ತೆ ಓದಿ, ಮೆಲ್ಲಗೆ ಕೇಳಿದರು: “ಇದು ತಪ್ಪೋ, ಸುಳ್ಳೋ?”

‘ತಪ್ಪು’ ಅಂದರೆ ಒಂದು ನೋಟಿಸು. ‘ಸುಳ್ಳು’ ಅಂದರೆ ಇನ್ನೇನೋ.

“ತಾಳೆ ನೋಡಿದೆ ಅಂದದ್ದು ನಿಜ ಸ್ವಾಮಿ. ನೈಜ ಸಮಯ ಅಂದದ್ದು ಸುಳ್ಳು. ನಾನು ನೋಡಿದ್ದು ಗೋಡೆ. ಗೋಡೆ ಅಂತಲೇ ಬರೀಬೇಕಿತ್ತು.”

ಹೊರಗೆ ಅವರು ಜಾಲಿ ಮರದ ಬಳಿ ನಿಂತಿದ್ದರು. ನಾನು ಗೆದ್ದವಳಂತೆ ಹೋಗಲಿಲ್ಲ, ಆದರೆ ಕೇಳದೆ ಇರಲೂ ಆಗಲಿಲ್ಲ. “ಯಾಕೆ ಸರ್? ‘ಕೆಡುತ್ತದೆ’ ಅಂತ ನಿಲ್ಲಿಸಬಹುದಿತ್ತಲ್ಲ.”

“ನಿಲ್ಲಿಸ್ತಿದ್ದೆ” ಎಂದರು. “ಜಡ್ಜು ಕೇಳಿದ್ ಪ್ರಶ್ನೆಗೆ ಉತ್ತರ ಅಷ್ಟೇ ಇದ್ದಿದ್ದು. ಆದ್ರೆ ನನಗೂ ಗೊತ್ತಾಗ್ಬೇಕಿತ್ತು ಕಣಮ್ಮ, ಆ ಗಡಿಯಾರ ಏನ್ ಹೇಳ್ತದೆ ಅಂತ.” ಮತ್ತೆ ಹೇಳಿದರು: “ಆ ಸಾಲನ್ನ ನಾನು ಎಲ್ಲಾ ಮಹಜರಿನಲ್ಲೂ ಬರೀತೀನಿ. ಎಲ್ಲೆಲ್ಲಿ ಗೋಡೆ ನೋಡಿದ್ನೋ ನೆನಪಿಲ್ಲ.”

ಇಲ್ಲಿ ಅವರನ್ನು ಮಹಾತ್ಮರನ್ನಾಗಿ ಮಾಡಲು ನನಗೆ ಒಪ್ಪಿಗೆಯಿಲ್ಲ. ಜಂಭದ ಮನುಷ್ಯ ತನ್ನ ಲೆಕ್ಕ ಎಲ್ಲಿ ತಪ್ಪಿತೆಂದು ತಿಳಿಯಲು ಹಟ ಹಿಡಿದದ್ದೂ ಅದರಲ್ಲಿತ್ತು. ಅಂಥ ಹಟ ಇಲ್ಲದ ಸಜ್ಜನರೊಬ್ಬರು ಆ ಕಟಕಟೆಯಲ್ಲಿ ನಿಂತಿದ್ದರೆ, ‘ಕೆಡುತ್ತದೆ ಸ್ವಾಮಿ’ ಎಂದು ನಮಸ್ಕಾರ ಮಾಡಿ ಇಳಿದುಹೋಗುತ್ತಿದ್ದರೇನೋ.

ಇಲಾಖೆಯ ನೋಟಿಸು ಬಂತು, ಅದರ ಹಿಂದೆಯೇ ನಿವೃತ್ತಿ ಬಂತು, ಮಾಲೆ, ಶಾಲು, ಕೇಸರಿಬಾತು ಬಂದವು. ಹಳೆಯ ಮಹಜರುಗಳನ್ನೆಲ್ಲ ಮತ್ತೆ ನೋಡಬೇಕೆಂದು ಅವರು ಮೇಲಿನವರಿಗೆ ಬರೆದುಕೊಟ್ಟದ್ದನ್ನು ಬೀಳ್ಕೊಡುಗೆಯಲ್ಲಿ ಯಾರೂ ಪ್ರಸ್ತಾಪಿಸಲಿಲ್ಲ. ಚಾಲಕ ಜಾಮೀನಿನ ಮೇಲೆ ಹೊರಬಂದಿದ್ದ. ಬಿಡುಗಡೆಯ ತೀರ್ಪು ಬಂದದ್ದು ಆಮೇಲೆ.

ತೀರ್ಪಿನ ದಿನ ಅವರು ಪಂಚೆ, ಬಿಳಿ ಅಂಗಿಯಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ನಿಂತಿದ್ದರು. ಖಾಕಿಯಿಲ್ಲದೆ ಇನ್ನೂ ಗಿಡ್ಡವಾಗಿ ಕಂಡರು. ಚಾಲಕ, ಅವನ ಹೆಂಡತಿ, ಅವಳ ಸೆರಗು ಹಿಡಿದ ಮಗು ಹೊರಬಂದಾಗ ಎದುರಿಗೆ ಹೋಗಿ ನಿಂತರು. ಏನಾಗುವುದೋ ಎಂದು ನಾನು ನಡುವೆ ಬರಲು ಹೆಜ್ಜೆ ಇಟ್ಟೆ.

“ಆ ಅರ್ಧ ಗಂಟೆ ನಾನ್ ನೋಡ್ಕೋಬೇಕಿತ್ತು ಕಣಪ್ಪ.”

ಚಾಲಕ ದನಿ ಏರಿಸಲಿಲ್ಲ.

“ಅರ್ಧ ಗಂಟೆ ಅಂತೀರಾ ಸಾ? ನಾನ್ ಒಳಿಕ್ಕೋಗೋವಾಗ ಇದು ಅಂಬೆಗಾಲಿಕ್ಕೊಂಡು ನನ್ ಹಿಂದೇನೇ ಬರ್ತಿತ್ತು. ಈಗ ನೋಡಿ, ನನ್ನ ಕಂಡ್ರೆ ಅವ್ರವ್ವನ ಹಿಂದಕ್ಕೆ ಓಡೋಯ್ತದೆ. ಮನೇಗ್ ಬಂದು ಇಷ್ಟ್ ದಿನ ಆದ್ರೂವೆ.”

ಯಾವ ಮಾತಿಗೂ ಎದುರುಮಾತು ಇಟ್ಟುಕೊಂಡಿರುತ್ತಿದ್ದ ಅವರು ಅಂಗಿಯ ಜೇಬಿನಿಂದ ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದರು, ಮಗುವಿಗೆಂದು ತಂದಿದ್ದಿರಬೇಕು. ಮಗು ಸೆರಗು ಬಿಟ್ಟಿತು. ಅಪ್ಪನನ್ನು ಸುತ್ತುಹಾಕಿಕೊಂಡು, ಪರಿಚಯವೇ ಇಲ್ಲದ ಇವರ ಕಡೆಗೆ ಕೈ ಚಾಚಿ ಬಂತು.

ಚಾಲಕ ಅದನ್ನೇ ನೋಡುತ್ತ ನಿಂತಿದ್ದ.

ಅವರು ಪೊಟ್ಟಣವನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡರು. ಚಾಲಕನ ಕೈ ಹಿಡಿದು, ಅಂಗೈ ಬಿಡಿಸಿ ಅದರಲ್ಲಿಟ್ಟರು.

“ನೀನ್ ಕೊಡು” ಎಂದು ಹೇಳಿ, ತಿರುಗಿ ನೋಡದೆ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಚಾಲಕ ಮೊಣಕಾಲೂರಿ ಕೂತು ಪೊಟ್ಟಣ ಮುಂದೆ ಹಿಡಿದ. ಮಗು ಅಲ್ಲೇ ನಿಂತು ಬಿಸ್ಕತ್ತನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡುತ್ತಿತ್ತು.